ಪರದೇಶದ ಗೆರೆ

ಬಂದರಿನಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಹಡಗಿನ ಪಕ್ಕೆಗೆ ಬಳಿದ ಭಾರದ ಗೆರೆ ಸರಿಯಾದ ಎತ್ತರದಲ್ಲಿದೆಯೇ ಎಂದು ಅಳೆಯುವುದು ಅವಳ ಕೆಲಸ. ಆ ಗೆರೆ ನೀರಿನಲ್ಲಿ ಮುಳುಗುವಷ್ಟು ಸರಕು ತುಂಬಿದ ಹಡಗು ಹೊರಡುವಂತಿಲ್ಲ. ಹಾಗಾಗಿ ಎಲ್ಲರಿಗೂ ಅವಳು ಗೆರೆಯಮ್ಮ.

ಆವತ್ತು ಬೆಳಗ್ಗೆ ಸರ್ಕಾರದ ಆದೇಶ ಬಂತು. ಕಡಲಾಚೆಯ ದೇಶದ ಗೆರೆಯ ನಿಯಮ ನಮ್ಮದಕ್ಕೆ ಸಮ. ಅಲ್ಲಿನ ಪ್ರಮಾಣಪತ್ರವಿದ್ದರೆ ಆ ಹಡಗನ್ನು ಮತ್ತೆ ಅಳೆಯಬೇಕಿಲ್ಲ.

"ಅಂತೂ ನಿಮ್ಮ ಹಟ ಗೆದ್ದಿತು ನೋಡಿ," ಎಂದ ಗುಮಾಸ್ತ.

ಗೆರೆಯಮ್ಮ ಎರಡು ಸಲ ಓದಿದಳು. ಕಣ್ಣು ಕಾಗದದ ಮೇಲಿದ್ದರೂ ಮನಸ್ಸು ಹನ್ನೊಂದು ವರ್ಷ ಹಿಂದಕ್ಕೆ ಜಾರಿತ್ತು.

ಆಗ ಅವಳ ಸೋದರಮಾವನೇ ಕಚೇರಿಯ ದೋಣಿಗೆ ಹುಟ್ಟು ಹಾಕುತ್ತಿದ್ದ. ಬಾಯಿ ನಿಂತರೆ ದೋಣಿಯೂ ನಿಂತೀತು ಎನ್ನುವಂತೆ ಹರಟುತ್ತಿದ್ದ. ಗೋಧಿ ತುಂಬಿಕೊಳ್ಳಲು ಬಂದ ಆ ದೇಶದ ಹಡಗೊಂದನ್ನು ಇಬ್ಬರೂ ಅಳೆಯಲು ಹೋದಾಗ ಕಪ್ತಾನ ಪ್ರಮಾಣಪತ್ರ ಹಿಡಿದು ಅಡ್ಡ ನಿಂತ.

"ಇದು ಸುಳ್ಳಾ? ಈ ಗೆರೆ ಹಾಕಿದ್ದು ನಮ್ಮಪ್ಪ! ಅಲ್ಲಿ ನಿಮ್ಮ ಕೆಲಸವೇ ಅವರದ್ದು."

"ನಿಮ್ಮಪ್ಪ ಸುಳ್ಳು ಅಂದ್ರೆ ನನ್ನ ನಾಲಿಗೆ ಬಿದ್ದುಹೋಗ್ಲಿ," ಎಂದಳು ಅವಳು. "ಆದ್ರೆ ನಮ್ಮ ಕಾನೂನಿಗೆ ಅವರ ಪರಿಚಯ ಇಲ್ವಲ್ಲ, ಏನ್ ಮಾಡ್ಲಿ?"

ಎರಡು ದಿನ ಹಿಡಿಯಿತು. ಮಾವ ಅಲುಗುವ ದೋಣಿಯಲ್ಲಿ ನಿಂತು ಟೇಪಿನ ತುದಿ ಹಿಡಿದ. ಅವಳು ಬರೆದುಕೊಂಡಳು, ಕೂಡಿದಳು, ಮತ್ತೆ ಕೂಡಿದಳು. ನಮ್ಮ ಲೆಕ್ಕದ ಪ್ರಕಾರ ಗೆರೆ ಇನ್ನೂ ನಾಲ್ಕು ಬೆರಳು ಮೇಲಿರಬಹುದಿತ್ತು. ಆ ಹಿರಿಯ ನಮಗಿಂತ ಬಿಗಿ ಕೈಯವನು.

"ಅಂದ್ರೆ ಇನ್ನಷ್ಟು ತುಂಬಬಹುದಾ?" ಎಂದ ಕಪ್ತಾನ.

"ಕಾನೂನು ಬೇಡ ಅನ್ನಲ್ಲ."

ಅವನು ಹಡಗಿನ ಅಂಚಿನ ಕಟಕಟೆಯಿಂದ ಬಾಗಿ ಕೆಳಗಿನ ಬಿಳಿ ಗೆರೆಯನ್ನೇ ನೋಡಿದ. "ಬೇಡ. ಅಪ್ಪ ಹಾಕಿದ್ದು ಅಲ್ಲೇ ಇರ್ಲಿ."

ಆ ಎರಡು ದಿನದ ತಡದಿಂದ ಅವನು ಮಗಳ ಮದುವೆಯ ಹೊತ್ತಿಗೆ ಊರು ಮುಟ್ಟಲಾರನೆಂದು ಅವಳಿಗೆ ತಿಳಿದದ್ದು ಹಡಗು ಹೋದ ಮೇಲೆ, ನಾವಿಕರೊಡನೆ ಹರಟಿದ್ದ ಮಾವನ ಬಾಯಿಂದ. ಮರುದಿನವೇ ಮೇಲಿನವರಿಗೆ ಬರೆದಳು: ಅವರ ನಿಯಮ ನಮ್ಮದಕ್ಕಿಂತ ಒಂದು ಕೂದಲಿನಷ್ಟೂ ಕಡಿಮೆಯಿಲ್ಲ, ಮಾನ್ಯ ಮಾಡಿ. ಉತ್ತರವಿಲ್ಲ. ಮುಂದೆ ಅಲ್ಲಿಂದ ಬಂದ ಒಂದೊಂದು ಹಡಗಿನ ಅಳತೆಯನ್ನೂ ಲಗತ್ತಿಸಿ ವರ್ಷವರ್ಷವೂ ಬರೆದಳು. "ನಿನ್ನ ಕೆಲಸಕ್ಕೆ ನೀನೇ ಕಲ್ಲು ಹಾಕ್ಕೋತಿದ್ದೀಯಲ್ಲೇ!" ಎಂದು ನಗುತ್ತಿದ್ದ ಮಾವ, ಟೇಪು ಹಿಡಿಯುವುದನ್ನು ಮಾತ್ರ ತಪ್ಪಿಸಲಿಲ್ಲ. ಅವನು ತೀರಿಕೊಂಡು ಈಗ ಮೂರು ವರ್ಷ.

ಗೆರೆಯಮ್ಮ ಆದೇಶದ ನಕಲೊಂದನ್ನು ಕಪ್ತಾನನ ಹಳೆಯ ವಿಳಾಸಕ್ಕೆ ಅಂಚೆಗೆ ಹಾಕಿದಳು. ಮಧ್ಯಾಹ್ನ ಆ ದೇಶದ ಹಡಗೊಂದು ಬಂತು. ಪ್ರಮಾಣಪತ್ರ ನೋಡಿ ಮೊಹರು ಒತ್ತಿದಳು. ಹತ್ತು ನಿಮಿಷದ ಕೆಲಸ. ಮಿಕ್ಕ ಹೊತ್ತನ್ನು ಏನು ಮಾಡಬೇಕೆಂದೇ ತೋಚದೆ ದೋಣಿಯ ಹತ್ತಿರ ಬಂದಳು.

"ಇವತ್ತು ಅಳತೆ ಇಲ್ವಲ್ಲಮ್ಮ?" ಎಂದಳು ಹೊಸ ದೋಣಿಯವಳು.

"ಸುಮ್ನೆ ಒಂದು ಸುತ್ತು ಹೋಗಿಬರೋಣ ನಡಿ."

ಹಡಗಿನ ನೆರಳಿನಲ್ಲಿ ನೀರು ತಣ್ಣಗಿತ್ತು. ಗೆರೆಯಮ್ಮ ಕೈ ಚಾಚಿ ಪಕ್ಕೆಯ ಕಬ್ಬಿಣವನ್ನು ಮುಟ್ಟಿದಳು.

"ಇನ್ಮೇಲೆ ಆರಾಮ ಬಿಡಿ ನಿಮಗೆ."

"ಆರಾಮೇ ಕಣೇ," ಎಂದಳು ಗೆರೆಯಮ್ಮ. ದೋಣಿಯ ಅಂಚನ್ನು ತೋರಿಸಿ, "ಇಲ್ಲಿ ನಿಂತೇ ನಮ್ಮ ಮಾವ ಒಂದು ಸಲ ಟೇಪಿನ ಸಮೇತ ನೀರಿಗೆ ಬಿದ್ದಿದ್ದ, ಗೊತ್ತಾ?" ಎಂದು ಆ ಕತೆ ಹೇಳತೊಡಗಿದಳು.