ಚಿಂಗೋಲೊಗೆ ಮೂರು ಹಾರ್ನು

ನಮ್ಮ ಚಿಂಗೋಲೊ ಸತ್ತಾಗ ಅವನಿಗೆ ಇಪ್ಪತ್ತೊಂಬತ್ತು ವರ್ಷ. ಗೋರಿಯ ಮೇಲೆ ಇಪ್ಪತ್ತೇಳು ಅಂತ ಕೆತ್ತಿದ್ದಾರೆ. ಹುಡುಗಿಯರ ಹತ್ತಿರ ಅವನು ಹೇಳಿಕೊಳ್ಳುತ್ತಿದ್ದ ವಯಸ್ಸು ಅದು. ತಿದ್ದಿಸೋಣ ಅಂತ ನಾನು ಹೋದರೆ ಅವನ ತಾಯಿಯೇ, "ಇರ್ಲಿ ಬಿಡು ಅನ್ಸೆಲ್ಮೊ, ಸತ್ಮೇಲಾದ್ರೂ ಅವ್ನ ಆಸೆ ನಡೀಲಿ" ಅಂದುಬಿಟ್ಟಳು. ಈಗ ತಿಳಿದವರೆಲ್ಲ ರೇಡಿಯೋದಲ್ಲಿ ಕೂತು, ದೊಡ್ಡ ಹಾಡುಗಾರರು ಇಪ್ಪತ್ತೇಳಕ್ಕೇ ಹೋಗುತ್ತಾರೆ, ಅದರಲ್ಲೇನೋ ಗುಟ್ಟಿದೆ ಅಂತ ಕೊರೆಯುತ್ತಾರೆ. ಗುಟ್ಟೂ ಇಲ್ಲ, ಮಣ್ಣೂ ಇಲ್ಲ.

ಅವನು ಹಾಡುವವನು, ನಾನು ಅಕಾರ್ಡಿಯನ್ ನುಡಿಸುವವನು. ಸಾಂತಾ ಫೆ ಪ್ರಾಂತ್ಯದ ಉತ್ತರಕ್ಕೆ ನಮ್ಮ ಕುಂಬಿಯಾ ಹಾಡು-ಕುಣಿತ ಇಲ್ಲದೆ ಒಂದು ಮದುವೆಯೂ ಆಗುತ್ತಿರಲಿಲ್ಲ. ವ್ಯಾನ್ ಓಡಿಸುವ ಕೆಲಸವೂ ನನ್ನದೇ. ರೆಕೊಂಕಿಸ್ತಾದ ಹತ್ತಿರ, ಹನ್ನೊಂದನೇ ಹೆದ್ದಾರಿಯಲ್ಲಿ, ಒಂದು ಜನವರಿ ಮಧ್ಯಾಹ್ನ ಎರಡು ಗಂಟೆಗೆ ಹಸು ಅಡ್ಡ ಬಂತು. ವ್ಯಾನ್ ಹೋಗಿ ಅಲ್ಗರ್ರೋಬೊ ಮರಕ್ಕೆ ಗುದ್ದಿತು. ನನಗೆ ಎರಡು ಪಕ್ಕೆಲುಬು ಮುರಿದವು. ಅವನು ಹೋದ. ಹಸುವಿಗೆ ಏನೂ ಆಗಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಕಥೆಗಳು. ರಸ್ತೆಗೆ ಅಡ್ಡ ನಿಂತದ್ದು ಹಸುವಲ್ಲ, ಬಿಳಿ ಬಟ್ಟೆಯುಟ್ಟು ಹೊಳೆಯುವ ಹೆಂಗಸು ಅಂದರು. ಅದು ಕಂದು ಬಣ್ಣದ ಹಸು, ಪಕ್ಕದ ಹೊಲದ ಎವುಸೇಬಿಯೊನದು, ಅದರ ಒಂದು ಕೊಂಬು ಡೊಂಕು. ಸತ್ತ ಮೇಲೂ ವ್ಯಾನಿನೊಳಗಿಂದ ಅರ್ಧ ಗಂಟೆ ಸಂಗೀತ ಬಂತು ಅಂದರು. ಅದು ನನ್ನ ಅಕಾರ್ಡಿಯನ್, ಸೀಟಿನಡಿ ಸಿಕ್ಕಿಕೊಂಡು ಗಾಳಿ ಬಿಡುತ್ತಿತ್ತು. ಹೆಣದಿಂದ ಮಲ್ಲಿಗೆ ವಾಸನೆ ಬಂತು ಅಂದರು. ಬರದೆ ಏನು, ಜೇಬಿನಲ್ಲಿದ್ದ ಅತ್ತರಿನ ಬಾಟಲಿ ಒಡೆದಿತ್ತು. ಇನ್ನು ಕೆಲವರ ಪ್ರಕಾರ ಅವನು ಸತ್ತೇ ಇಲ್ಲ, ಪರಾಗ್ವೇಯಲ್ಲಿ ಮೀಸೆ ಬಿಟ್ಟುಕೊಂಡು ಕೋಳಿ ಸಾಕಿದ್ದಾನೆ. ಚಿಂಗೋಲೊ ಮತ್ತು ಕೋಳಿ! ಕೋಳಿ ಕಂಡರೆ ಮೇಜಿನ ಮೇಲೆ ಹತ್ತುತ್ತಿದ್ದ ಪ್ರಾಣಿ ಅದು.

ಇವೆಲ್ಲ ಊರವರು ಕಟ್ಟಿದ್ದು. ಒಂದು ಮಾತ್ರ ನಾನು ಕಟ್ಟಿದ್ದು. ಆಸ್ಪತ್ರೆಯಲ್ಲಿ ಪಕ್ಕೆಗೆ ಬ್ಯಾಂಡೇಜ್ ಸುತ್ತಿಕೊಂಡು ಮಲಗಿದ್ದಾಗ ರೇಡಿಯೋದವನೊಬ್ಬ ಮೈಕು ಮೂಗಿಗೆ ಚುಚ್ಚಿ, "ಅವರ ಕೊನೇ ಮಾತೇನು?" ಅಂತ ಕೇಳಿದ. ನಿಜ ಹೇಳುವ ಧೈರ್ಯ ನನಗೆ ಇರಲಿಲ್ಲ. "ಈ ದಾರೀಲಿ ಹೋಗೋರೆಲ್ಲ ನಂಗೆ ಮೂರು ಸಲ ಹಾರ್ನ್ ಹೊಡೀಲಿ ಅಂದ" ಅಂತ ಬಾಯಿಗೆ ಬಂದದ್ದು ಒದರಿದೆ.

ಮೂರನೇ ದಿನಕ್ಕೆ ಮರದ ಕೆಳಗೆ ಪುಟ್ಟ ಗುಡಿ ಎದ್ದಿತು. ಕೆಂಪು ರಿಬ್ಬನ್ನು, ಮೇಣದ ಬತ್ತಿ, ಅವನ ಫೋಟೋ, ಭಕ್ತರು ಇಡುವ ವೈನು, ಸಿಗರೇಟು. ಹಾರ್ನ್ ಹೊಡೆಯದೆ ಹೋದರೆ ಹತ್ತು ಕಿಲೋಮೀಟರಿನೊಳಗೆ ಟೈರು ಪಂಕ್ಚರ್ ಅಂತ ಮಾತು ಹುಟ್ಟಿತು. ನನಗೆ ಅವನನ್ನು ಬಿಟ್ಟು ಬೇರೆ ಕಡೆ ಇರಲಾಗಲಿಲ್ಲ. ಮರದ ಎದುರಿಗೇ ಎರಡು ಕೋಣೆ ಕಟ್ಟಿಕೊಂಡೆ. ಬುದ್ಧಿ ಇದ್ದವರು ಯಾರಾದರೂ ಹಾಗೆ ಮಾಡುತ್ತಾರೆಯೇ?

ನಮ್ಮ ಕಡೆ ಮಧ್ಯಾಹ್ನ ಒಂದರಿಂದ ನಾಲ್ಕು ನಿದ್ದೆಯ ಹೊತ್ತು. ಪೊಲೀಸನೂ ಮಲಗುತ್ತಾನೆ, ಕಳ್ಳನೂ ಮಲಗುತ್ತಾನೆ. ಆ ಹೊತ್ತಿನಲ್ಲಿ ಬಾಗಿಲು ತಟ್ಟಿದವನ ಮನೆಗೆ ಹೆಣ್ಣು ಕೊಡುವುದಿಲ್ಲ. ನಾನೊಬ್ಬನೇ ಇಪ್ಪತ್ತೆರಡು ವರ್ಷ ಆ ನಿದ್ದೆ ಕಾಣಲಿಲ್ಲ. ಕಣ್ಣು ಮುಚ್ಚಿದರೆ ಪೋಂ ಪೋಂ ಪೋಂ. ಡಾಕ್ಟರು ಕೂಡ, "ದೊನ್ ಅನ್ಸೆಲ್ಮೊ, ಹೀಗೇ ಆದ್ರೆ ನಿಮ್ಗೂ ಒಂದು ಗುಡಿ ಕಟ್ಬೇಕಾಗತ್ತೆ" ಅಂದರು.

ಹೋದ ಜನವರಿಯಲ್ಲಿ ತಡೆದುಕೊಳ್ಳಲಾಗಲಿಲ್ಲ. ನಲವತ್ತೆರಡು ಡಿಗ್ರಿ ಬಿಸಿಲು. ಆಗಷ್ಟೇ ಜೋಂಪು ಹತ್ತಿತ್ತು. ಅಭಿಮಾನಿಗಳ ಮೂರು ಬಸ್ಸು ಸಾಲಾಗಿ ಬಂದು ಮೂರು ಮೂರಲ ಒಂಬತ್ತು ಹಾರ್ನು ಬಾರಿಸಿದವು. ಚಡ್ಡಿಯಲ್ಲೇ ಪೊರಕೆ ಹಿಡಿದು ರಸ್ತೆಗೆ ಓಡಿದೆ. ಗುಡಿಯ ಹತ್ತಿರ ರಿಬ್ಬನ್ ಬದಲಿಸುತ್ತಿದ್ದವಳು ದೋಣ್ಯಾ ನೆಲಿದಾ. ನಿವೃತ್ತ ಟೀಚರು, ಅಭಿಮಾನಿ ಸಂಘದ ಅಧ್ಯಕ್ಷೆ. ಜೀವಮಾನದಲ್ಲಿ ಚಿಂಗೋಲೊನನ್ನು ಒಂದೇ ಸಲ ನೋಡಿದವಳು, ಅದೂ ಬೆನ್ನ ಕಡೆಯಿಂದ.

"ಅಯ್ಯೋ ನಿಮ್ಮ! ಸಂತನ ಮುಂದೆ ಚಡ್ಡೀಲಿ ಬರ್ತೀರಲ್ರೀ!" ಅಂತ ಕಣ್ಣು ಮುಚ್ಚಿಕೊಂಡಳು.

"ನಿಮ್ ಸಂತ ನನ್ನನ್ನ ಇದಕ್ಕಿಂತ ಕಡಿಮೆ ಬಟ್ಟೇಲಿ ನೋಡಿದಾನೆ. ನಿಲ್ಸಿ ಈ ಹಾರ್ನು! ಅವ್ನು ಹಾರ್ನ್ ಹೊಡೀರಿ ಅಂತ ಹೇಳೇ ಇಲ್ಲ. ನಾನು ಹೇಳಿದ್ ಸುಳ್ಳು ಅದು."

ಅವಳು ಬೆರಳ ಸಂದಿಯಿಂದ ಇಣುಕಿದಳು. "ಮತ್ತೇನ್ ಹೇಳಿದ್ರು?"

ಬಸ್ಸಿನವರೆಲ್ಲ ಇಳಿದು ಸುತ್ತ ನಿಂತಿದ್ದರು. ಇಪ್ಪತ್ತೆರಡು ವರ್ಷದಿಂದ ಎದೆಯಲ್ಲಿ ಕೂತಿದ್ದದ್ದು, ಚಡ್ಡಿಯಲ್ಲಿ ನಿಂತು, ಪೊರಕೆ ಊರಿಕೊಂಡು ಹೇಳಿದೆ. "'ಅನ್ಸೆಲ್ಮೊ, ನಿಂಗೆ ಕಣ್ಣು ಎಳೀತಿದೆ. ಆ ಮರದ್ ಕೆಳ್ಗೆ ನಿಲ್ಸು, ಅರ್ಧ ಗಂಟೆ ಮಲ್ಗಿ ಹೋಗೋಣ' ಅಂದ. ನಾನು ನಿಲ್ಲಿಸ್ಲಿಲ್ಲ. 'ಮದ್ವೆಗೆ ತಡ ಆಗತ್ತೆ, ಸುಮ್ನಿರೋ ಸೋಮಾರಿ' ಅಂದೆ. ಹಸು ಬಂದಾಗ ನಾನು ತೂಕಡಿಸ್ತಿದ್ದೆ. ತಪ್ಪು ಹಸೂದಲ್ಲ, ನನ್ದು."

ಕಲ್ಲು ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದೇ ಆಗುತ್ತಿತ್ತು. ನೆಲಿದಾ ಎರಡೂ ಕೈ ಮೇಲೆತ್ತಿದಳು.

"ಕೇಳಿದ್ರಾ? ಸಂತ ಇಷ್ಟು ವರ್ಷ ಆದ್ಮೇಲೆ ಇವ್ರ ಬಾಯಲ್ಲಿ ಮಾತಾಡಿದ್ರು! 'ಈ ಮರದ್ ಕೆಳ್ಗೆ ಅರ್ಧ ಗಂಟೆ ಮಲ್ಗಿ' ಅಂತ ಅಪ್ಪಣೆ!"

"ಅಪ್ಪಣೆ ಅಲ್ಲಮ್ಮಾ, ನನ್ ತಪ್ಪು..."

"ಸುಮ್ನಿರಿ, ನೀವು ಬರೀ ಬಾಯಿ!"

ಇಷ್ಟು ಹೇಳಿ ಬಸ್ಸಿನ ಅರವತ್ತು ಜನರನ್ನು ಮರದ ಕೆಳಗೆ ಮಲಗಿಸಿಯೇ ಬಿಟ್ಟಳು. ಎದ್ದವರಲ್ಲಿ ಒಬ್ಬನಿಗೆ ಸೊಂಟನೋವು ಹೋಗಿತ್ತಂತೆ. ಮುಗಿಯಿತಲ್ಲ! ತಿಂಗಳೊಳಗೆ ಬಾಡಿಗೆ ಲಾರಿಗಳ ಸಾಲು ಅರ್ಧ ಕಿಲೋಮೀಟರಿಗೆ ಮುಟ್ಟಿತು. ಹಾರ್ನು ನಿಂತಿತು, ಗೊರಕೆ ಶುರುವಾಯಿತು. ನಲವತ್ತು ಡ್ರೈವರುಗಳ ಗೊರಕೆ ನೀವು ಕೇಳಿಲ್ಲ, ಕೇಳುವುದೂ ಬೇಡ. ಎವುಸೇಬಿಯೊ ತನ್ನ ಹಸುವಿನ ಮೊಮ್ಮಗಳನ್ನು ತಂದು ಬೇಲಿಗೆ ಕಟ್ಟಿದ. ಜನ ಅದರ ಕೊಂಬು ಮುಟ್ಟಿ ನಮಸ್ಕಾರ ಮಾಡಿ ಮಲಗುತ್ತಿದ್ದರು. ನಾನು ಮಾತ್ರ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಎಲ್ಲರನ್ನೂ ಶಪಿಸುತ್ತಾ ಮಾಟೆ ಎಲೆಯ ಕಷಾಯ ಹೀರುತ್ತಿದ್ದೆ. ಹಾರ್ನಿಲ್ಲದಿದ್ದರೂ ನಿದ್ದೆ ಬರುತ್ತಿರಲಿಲ್ಲ. ಆಗ ಗೊತ್ತಾಯಿತು, ನಿದ್ದೆ ಕೆಡಿಸಿದ್ದು ಹಾರ್ನಲ್ಲ.

ಮಾರ್ಚಿನ ಒಂದು ಮಂಗಳವಾರ ಹತ್ತಿ ತುಂಬಿದ ಲಾರಿಯೊಂದು ಬಂತು. ಡ್ರೈವರ್ ಹೆಸರು ಲೌತಾರೊ, ಮೂವತ್ತು ದಾಟದ ಗಂಡಸು. ಕಣ್ಣು ಕೆಂಡದ ಹಾಗಿತ್ತು. ಕೊಂಬು ಮುಟ್ಟಿದ, ಶಿಲುಬೆ ಗುರುತು ಹಾಕಿಕೊಂಡ, ಲಾರಿ ಹತ್ತಲು ತಿರುಗಿದ.

"ಎಲ್ಲಿಗೆ?" ಅಂದೆ.

"ಸಾಂತಾ ಫೆ ಪಟ್ಟಣಕ್ಕೆ. ಆರಕ್ಕೆ ಗೋಡೌನ್ ಮುಚ್ಚತ್ತೆ. ಮಲ್ಗೋಕೆ ಹೊತ್ತಿಲ್ಲ ಅಜ್ಜ, ಸಂತ ಕ್ಷಮಿಸ್ತಾನೆ ಬಿಡಿ."

"ಸಂತ ಕ್ಷಮಿಸ್ಬೋದು, ನಾನು ಕ್ಷಮಿಸಲ್ಲ. ಕೀ ಕೊಡು."

"ಏನ್ ತಮಾಷೆನಾ?"

ತಮಾಷೆಯಲ್ಲ. ಅವನ ಕೈಯಿಂದ ಕೀ ಕಿತ್ತುಕೊಂಡು ಚಡ್ಡಿ ಜೇಬಿಗೆ ಹಾಕಿದೆ. "ಅರ್ಧ ಗಂಟೆ. ನಾನೇ ಎಬ್ಬಿಸ್ತೀನಿ. ಮಲ್ಕೋ, ಇಲ್ಲಾಂದ್ರೆ ಪೊರಕೆ ತರ್ತೀನಿ." ಅವನು ಗೊಣಗುತ್ತಾ ಮರದ ಕೆಳಗೆ ಬಿದ್ದವನು ಮೂರು ಎಣಿಸುವಷ್ಟರಲ್ಲಿ ಗೊರಕೆ ಹೊಡೆದ. ಎದೆ ಏರುವುದು, ಇಳಿಯುವುದು ನೋಡುತ್ತಾ ಪಕ್ಕದಲ್ಲೇ ಕೂತೆ. ಏರಿತು. ಇಳಿಯಿತು. ಮತ್ತೆ ಏರಿತು. ನನಗೆ ಅಳು ಬಂತು, ಅದನ್ನು ಮುಚ್ಚಿಡುವುದೇನು. ಅಳುತ್ತಾ ಮರಕ್ಕೆ ಬೆನ್ನು ಆನಿಸಿದೆ.

ಯಾರೋ ಭುಜ ಹಿಡಿದು ಗದಗದ ಅಲುಗಿಸಿದಾಗ ಕಣ್ಣು ಬಿಟ್ಟೆ. ಸೂರ್ಯ ಆಚೆ ಹೊಲಕ್ಕೆ ಇಳಿದಿದ್ದ. ಉಳಿದ ಲಾರಿಗಳೆಲ್ಲ ಹೋಗಿದ್ದವು.

"ಏಳೂವರೆ ಆಯ್ತಲ್ರೀ ಮುದುಕಪ್ಪ! ಎಬ್ಬಿಸ್ತೀನಿ ಅಂದ್ಬಿಟ್ಟು ಕೀ ಮೇಲೇ ಮಲ್ಗಿದೀರಾ? ಗೋಡೌನ್ ಮುಚ್ತು, ನಾಳೆ ನನ್ ಯಜಮಾನ ನನ್ ಚರ್ಮ ಸುಲೀತಾನೆ! ನಿಮ್ಗೆ ಬುದ್ಧಿ ಇದ್ಯಾ? ನಿಮ್ ಸಂತಂಗಿದ್ಯಾ?"

ಲೌತಾರೊ ಕೂಗುತ್ತಲೇ ಇದ್ದ. ಮುಖ ಕೆಂಪಾಗಿತ್ತು, ಕತ್ತಿನ ನರ ಉಬ್ಬಿತ್ತು, ದನಿ ಗಟ್ಟಿಯಾಗಿತ್ತು, ಕಾಲು ಎರಡೂ ನೆಟ್ಟಗಿದ್ದವು. ನನ್ನ ವಂಶವನ್ನೆಲ್ಲ ಒಬ್ಬೊಬ್ಬರನ್ನಾಗಿ ಹಿಡಿದು ಬೈದ. ಕೀ ಅವನ ಕೈಗೆ ಕೊಟ್ಟು, ಮಾಟೆಗೆ ನೀರು ಕಾಯಿಸಲು ಎದ್ದೆ.

"ಬೈಯೋ ಮಾರಾಯ," ಅಂದೆ. "ಚೆನ್ನಾಗ್ ಬೈಯಿ. ಕೇಳ್ತಾ ಇದೀನಿ."