ಐದಕ್ಕೂ ಆರಕ್ಕೂ ನಡುವೆ

ಮಣಿಕಟ್ಟಿಗೆ ಬಿಸಿ ತಾಗಿತು, ಸುಯ್ ಎಂದು ಹಬೆ, ಬರಬೇಕಾದ ಕೊಳವೆಯಿಂದಲ್ಲ, ತಾಮ್ರದ ಹಂಡೆಗೂ ಮುಚ್ಚಳಕ್ಕೂ ನಡುವಿನ ಸಂದಿಯಿಂದ, ಅಡುಗೆಮನೆ ತುಂಬ ಕಿತ್ತಳೆ ಹೂವಿನ ಘಮ, ಸೀಸೆಯಲ್ಲಿ ಮಾತ್ರ ಒಂದು ಹನಿಯೂ ಇಲ್ಲ — ಎಲ್ಲಿ ತಪ್ಪಿದೆ ಜಲೀಲಾ, ಹದಿನೆಂಟು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ಒಂದು ಹಂಡೆಯ ಮುಂದೆ ಹೀಗೆ ಪೆಚ್ಚಾಗಿ ನಿಂತೆಯಲ್ಲ. ಉರಿ ತಗ್ಗಿಸಿದಳು. ಗೋಡೆಗೆ ಅಂಟಿಸಿದ ಒಂಬತ್ತು ಚಿತ್ರಗಳು, ತರಗತಿಯಲ್ಲಿ ಬಾಯಿಬಿಡದ ಯುಮ್ನಾ ಕ್ಯಾಮೆರಾದಲ್ಲಿ ತೆಗೆದವು, ಮನೆಯ ಒಂದು ಕೆಲಸವನ್ನು ಚಿತ್ರಗಳಲ್ಲೇ ಹೇಳಿ, ಒಂದಕ್ಷರ ಬರೆಯಬೇಡಿ, ನೋಡಿದವರು ಮಾಡುವ ಹಾಗಿರಬೇಕು ಎಂದದ್ದು ತಾನೇ, ಆ ಬಾಯಿಬಡುಕಿ ಅಹ್ಲಾಮ್ ಸುಮ್ಮನಿರುತ್ತಾಳೆಯೆ, ಹಾಗಾದ್ರೆ ನೀವೇ ನೋಡ್ಕೊಂಡು ಮಾಡಿ ತೋರ್ಸಿ ಟೀಚರ್, ನಾಬುಲ್ ಊರಲ್ಲಿ ಹುಟ್ಟಿದೋರಿಗೆ ಹೂವಿನ್ ನೀರು ಬಟ್ಟಿ ಇಳ್ಸೋಕೆ ಬರಲ್ವಾ, ತರಗತಿಯೆಲ್ಲ ಕಿಸಕ್ಕೆಂದಿತು, ಬರಲ್ಲ ಕಣೇ, ಅದಕ್ಕೇ ಯುಮ್ನಾ ಚಿತ್ರ ನೋಡೇ ಮಾಡ್ತೀನಿ, ಯಾರನ್ನೂ ಒಂದು ಮಾತು ಕೇಳಲ್ಲ, ಸೋಮವಾರ ಸೀಸೆ ತರ್ತೀನಿ — ಆಗ ಯುಮ್ನಾ ತಲೆಯೆತ್ತಿದಳು, ವರ್ಷದಲ್ಲಿ ಮೊದಲ ಸಲ, ಈಗ ಖಾಲಿ ಸೀಸೆ ಹಿಡಿದು ಹೋದರೆ ಆ ಹುಡುಗಿ ಇನ್ನು ಕ್ಯಾಮೆರಾ ಮುಟ್ಟುತ್ತಾಳೆಯೆ, ಮತ್ತೆ ಮಾಡೋಣವೆಂದರೆ ಹೂವೂ ಇಲ್ಲ, ಸಂತೆಯ ಮುದುಕ ತಕ್ಕಡಿ ಕೊಡವಿ ಹೇಳಿದನಲ್ಲ, ಇದೇ ಕೊನೇದು ತಾಯಿ, ಇನ್ನು ಬರೋ ವರ್ಷಾನೇ.

ಹಂಡೆ ಅಮ್ಮನದು, ಅವಳು ಹೋಗಿ ಮೂರು ವರ್ಷ, ನಿನ್ನೆ ಅಟ್ಟದಿಂದ ಇಳಿಸಿ ಉಪ್ಪು ನಿಂಬೆ ಹಾಕಿ ತಿಕ್ಕುವಾಗ ಅಳು ಬಂತು, ಏಪ್ರಿಲ್ ಬಂದರೆ ಅಂಗಳದ ತುಂಬ ಹೂ ಹರವಿರುತ್ತಿದ್ದಳು, ಬಾಗಿಲಲ್ಲಿ ಇಣುಕಿದರೆ ಗದರು, ನೀನ್ ಓದ್ಕೋ ಹೋಗೇ, ಈ ಹೊಗೆ ನನ್ನ ತಲೆಗೇ ಇರ್ಲಿ, ಓದಿದ್ದಾಯಿತಮ್ಮ, ಇದೊಂದು ಬಾರದೆ ಹೋಯಿತು, ಒಂದು ಸಲವಾದರೂ ಹಠ ಮಾಡಿ ಪಕ್ಕದಲ್ಲಿ ಕೂರಬಾರದಿತ್ತೆ. ಇರಲಿ, ಚಿತ್ರ ನೋಡು, ಮಕ್ಕಳಿಗೆ ಹೇಳುತ್ತೀಯಲ್ಲ, ಮೂಲೆಗಳನ್ನೂ ಓದಿ ಎಂದು — ಮೂರರಲ್ಲಿ ಹೂ, ನಾಲ್ಕರಲ್ಲಿ ನೀರು, ಐದರಲ್ಲಿ ಯುಮ್ನಾಳ ಅಜ್ಜಿ ಮುಚ್ಚಳ ಎತ್ತಿ ಹಿಡಿದಿದ್ದಾಳೆ, ಹೆಗಲ ಮೇಲೊಂದು ಉದ್ದನೆಯ ಬಟ್ಟೆಯ ಪಟ್ಟಿ, ಆರರಲ್ಲಿ ಅದೇ ಅಜ್ಜಿ ಮುಚ್ಚಳದ ಮೇಲಿನ ಬೋಗುಣಿಗೆ ತಣ್ಣೀರು ಸುರಿಯುತ್ತಿದ್ದಾಳೆ, ಮುಚ್ಚಳದ ಕೆಳಗಿನದು ಚಿತ್ರಕ್ಕೆ ಸಿಕ್ಕಿಲ್ಲ, ಹೆಗಲು ಬರಿದು. ಬರಿದು! ಬಟ್ಟೆ ಎಲ್ಲಿ ಹೋಯಿತು, ಬೆವರು ಒರೆಸುವುದಾದರೆ ಹೆಗಲ ಮೇಲೇ ಇರಬೇಕಿತ್ತು, ಮತ್ತೆ ಅದರ ಮೇಲಿನ ಬಿಳಿ ಏನು, ಹಿಟ್ಟು, ಹಿಟ್ಟಿನ ಅಂಟು, ಅಯ್ಯೋ ಯುಮ್ನಾ, ಇದನ್ನೇ ಬಿಟ್ಟೆಯಲ್ಲೇ, ಕೇಳಿದರೆ ಏನೆನ್ನುತ್ತಾಳೆಂದು ಗೊತ್ತು, ಅದೇನ್ ಫೋಟೊ ತೆಗ್ಯೋದು ಟೀಚರ್, ಅದೆಲ್ರಿಗೂ ಗೊತ್ತಿರೋದೇ ಅಲ್ವಾ, ಗೊತ್ತಿಲ್ಲ ಮಗಳೇ, ನನಗೆ ಗೊತ್ತಿರಲಿಲ್ಲ, ಸೋಮವಾರದ ಪಾಠ ಇದೇ, ಎಲ್ಲರಿಗೂ ಗೊತ್ತಿರುವುದನ್ನೇ ಮೊದಲು ತೆಗೆಯಿರಿ, ಆದರೂ ನಿನ್ನ ಚಿತ್ರ ಹೇಳಿತು ಕಣೇ, ಹೇಳಿಯೇ ಬಿಟ್ಟಿತು — ಹಳೆಯ ಹಾಸಿಗೆ ಬಟ್ಟೆ ಪರ್ರೆಂದು ಹರಿದಳು, ಹಿಟ್ಟು ಕಲಸಿ ಮೆತ್ತಿದಳು, ಸಂದಿಯ ಸುತ್ತ ಬಿಗಿದಳು, ಬೆರಳು ಸುಟ್ಟರೆ ಸುಡಲಿ, ಸುಯ್ ನಿಂತಿತು, ಬೋಗುಣಿಗೆ ಮತ್ತೆ ತಣ್ಣೀರು, ಕಾದಳು, ಶಾಲೆಯಿಂದ ಓಡಿ ಬಂದು ಅಮ್ಮನನ್ನು ತಬ್ಬಿದರೆ ಕೆನ್ನೆಗೆ ತಣ್ಣಗೆ ಏನೋ ಅಂಟುತ್ತಿತ್ತು, ಬೆವರಿನ ಬಟ್ಟೆಯೆಂದು ಮುಖ ಸಿಂಡರಿಸುತ್ತಿದ್ದೆ, ಹೂವಿನ ಕಾಲದಲ್ಲಿ ಮಾತ್ರ ಅದು ಯಾಕೆಂದು ಒಂದು ದಿನವೂ ಕೇಳಲಿಲ್ಲ — ತೊಟ್, ಸೀಸೆಯ ತಳದಲ್ಲಿ ಒಂದು ಹನಿ, ಇನ್ನೊಂದು, ಬಿತ್ತು ಯುಮ್ನಾ, ಬಿತ್ತು ಅಮ್ಮ, ಕೈ ತಾನಾಗಿ ಕೆನ್ನೆಗೆ ಹೋಯಿತು, ಹೆಗಲು, ಅಮ್ಮನ ಹೆಗಲು, ಅದರ ಮೇಲೆ ಹಿಟ್ಟು ಮೆತ್ತಿದ ಒದ್ದೆ ಬಟ್ಟೆ.