ಹೊಸ ಚೆಂಡಿನ ಸದ್ದು

ಒಟ್ಟೊ ಕುಂಕೆಲನ ಎಡಗಣ್ಣಿಗೆ ದೃಷ್ಟಿ ಇರಲಿಲ್ಲ. ಬಲಗಣ್ಣಿಗೆ ಈಗ ದೂರದಲ್ಲಿ ಅಂಪೈರಿನ ಕೈ ಕಾಣುತ್ತಿದೆ, ಕೋಟಿನ ಜೇಬಿನಿಂದ ಬೆಳ್ಳಗಿನದೇನೋ ತೆಗೆಯುತ್ತಿದ್ದಾನೆ, ಹೊಸ ಬೇಸ್‌ಬಾಲ್ ಚೆಂಡು — ಹಳೆಯದು ಬೇಲಿ ಹಾರಿ ಕಲ್ಲಿದ್ದಲ ರಾಶಿಗೆ ಬಿತ್ತು, ನಿಯಮದ ಪ್ರಕಾರ ಐದು ನಿಮಿಷ ಹುಡುಕಿದರೂ ಸಿಗಲಿಲ್ಲ, ಎಲ್ಲಿ ಸಿಕ್ಕೀತು, ಕಪ್ಪಿನಲ್ಲಿ ಕಪ್ಪು, ಎಂಟು ಸರದಿ ಏಟು ತಿಂದು, ಹೊಗೆಸೊಪ್ಪಿನ ಉಗುಳು ಮೆತ್ತಿಸಿಕೊಂಡು, ಬೆಂದ ಆಲೂಗಡ್ಡೆಯ ಹಾಗೆ ಆಗಿತ್ತು ಅದು, ಅದರ ಸದ್ದು ಅವನಿಗೆ ಗೊತ್ತಿತ್ತು. ಸದ್ದೇ ಅವನ ಕಣ್ಣು. ಬ್ಯಾಟು ದಪ್ ಎಂದರೆ ಮುಂದೆ ಓಡು, ಟಕ್ ಎಂದರೆ ಹಿಂದೆ, ಮೇ ತಿಂಗಳಿನಿಂದ ಹಾಗೆಯೇ ನಡೆದಿದೆ, ಮೇ ತಿಂಗಳಿನಲ್ಲಿ ಆ ಎಡಗೈ ಎಸೆತಗಾರನ ಚೆಂಡು ಕಣತಲೆಗೆ ಬಡಿದಾಗ ಏನೂ ಆಗಿಲ್ಲ ಬಿಡಿ ಎಂದು ಎದ್ದು ನಿಂತವನು, ಮನೆಗೆ ಹೋಗಿ ಹೆಂಡತಿ ಬೆರ್ತಾಳಿಗೆ ಮಾತ್ರ ಕಣ್ಣು ಹೋಗಿದೆಯೆಂದು ಹೇಳಿದ್ದ, ಅವಳು ಅಳಲಿಲ್ಲ, ಅಡುಗೆಮನೆಯಲ್ಲಿ ಆಲೂಗಡ್ಡೆ ಎಸೆದು ಎಸೆದು ಹಿಡಿಯಲು ಕಲಿಸಿದಳು, ಹಿಡಿದಿದ್ದೂ ಸಾರಿಗೆ, ಬಿಟ್ಟಿದ್ದೂ ಸಾರಿಗೆ, ನೀವು ಸುಮ್ನೆ ಹಿಡೀರಿ ಅನ್ನುತ್ತ.

ಕೊನೆಯ ಸರದಿ, ನಮ್ಮದು ಒಂದು ಓಟ ಹೆಚ್ಚು, ಅವರ ಇಬ್ಬರು ಬೇಸ್‌ಗಳ ಮೇಲೆ ಓಡಲು ಕಾದು ನಿಂತಿದ್ದಾರೆ, ಇನ್ನೊಬ್ಬ ಔಟಾದರೆ ಮುಗಿಯಿತು, ನಾಳೆ ತಂಡದ ಮಾಲೀಕರು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವ ಹನ್ನೆರಡು ಹೆಸರು ಬರೆಯುತ್ತಾರೆ — ಬೆಳಿಗ್ಗೆಯೇ ಕ್ಯಾಪ್ಟನ್ ಮಲ್ವೇನಿ ಬೂಟಿನ ದಾರ ಕಟ್ಟುತ್ತ ಅಂದ, ಜರ್ಮನ್ನರೆಲ್ಲ ಇವರಿಗೆ ಡಚ್ಚರೇ, ಡಚ್ಚ, ಹನ್ನೆರಡನೆಯವ್ನು ನೀನೋ ಆ ಸ್ವೀಡನ್ನಿನವ್ನೋ ಇವತ್ತು ನೋಡ್ಬಿಡ್ತೀನಿ. ನೋಡಲಿ. ಒಂಬತ್ತು ವರ್ಷ ಬರಿಗೈಯಲ್ಲಿ ಹಿಡಿದ ಬೆರಳುಗಳಿವು, ಮೂರು ಸೊಟ್ಟಗಾಗಿವೆ, ಅದಕ್ಕೂ ಮೊದಲು ಬಿಯರ್ ಕಾರ್ಖಾನೆಯಲ್ಲಿ ಪೀಪಾಯಿ ಉರುಳಿಸುತ್ತಿದ್ದವು, ಆ ಹುಳಿನಾತ, ಒದ್ದೆ ನೆಲ, ಒಲ್ಲೆ, ಅಲ್ಲಿಗೆ ಮಾತ್ರ ಒಲ್ಲೆ. ಎಡಕ್ಕೆ ನಿಂತ ನಮ್ಮ ಡೆಗ್ನಾನ್ ಕೂಗುತ್ತಾನೆ, ಏ ಡಚ್ಚ, ನಿಂತೇ ಗೊರಕೆ ಹೊಡೀತಿದೀಯೇನೋ, ಇವನು ಕೂಗುತ್ತಲೇ ಇರಲಿ, ಎಲ್ಲಿದ್ದಾನೆಂದಾದರೂ ತಿಳಿಯುತ್ತದೆ. ಹೊಸ ಚೆಂಡು, ಮರೆಯಬೇಡ, ಹೊಸದು ಸಣ್ಣ ಏಟಿಗೂ ಟಕ್ ಎನ್ನುತ್ತದೆ, ಮೊದಲ ಸರದಿಯ ಲೆಕ್ಕ ಹಾಕು, ಒಂಬತ್ತನೆಯದರದ್ದಲ್ಲ —

ಟಕ್.

ಹಿಂದೆ ಓಡಿದ. ಕಿವಿಗೆ ಹೇಳಿದ್ದ, ಕಾಲಿಗೆ ಹೇಳಿರಲಿಲ್ಲ, ಒಂದು, ಎರಡು, ಮೂರು, ಆಕಾಶದಲ್ಲಿ ಬಿಳಿ ಚುಕ್ಕೆ ಹತ್ತಿರವೋ ದೂರವೋ, ಒಂದೇ ಕಣ್ಣು ಅದನ್ನು ಹೇಳುವುದಿಲ್ಲ, ನಾಲ್ಕು, ಐದು, ಮುಂದೆ ಬಾರೋ, ಮುಂದೆ, ಡೆಗ್ನಾನನ ಗಂಟಲು ಹರಿಯುತ್ತಿದೆ, ಆರು, ತಿರುಗಿದ, ಚೆಂಡು ಎದುರಿಗೇ ನೆಲಕ್ಕೆ ಬಡಿದು ಪುಟಿದು ಎಲ್ಲಿಗೋ ಹೋಯಿತು. ಎಲ್ಲಿ? ಬಲಕ್ಕೆ ಹುಲ್ಲು, ಮುಂದೆ ಹುಲ್ಲು, ಅವರಲ್ಲೊಬ್ಬ ಓಡಿ ಬಂದು ಕೊನೆಯ ಬೇಸ್ ಮುಟ್ಟಿದ, ಒಂದು ಓಟ, ಹಗ್ಗದಾಚೆ ಜನ ಮೊದಲು ಕೂಗಿದರು, ಆಮೇಲೆ ನಕ್ಕರು, ನಿನ್ ಕಾಲ್ ಪಕ್ದಲ್ಲೇ ಬಿದ್ದಿದೆಯಲ್ಲೋ, ತನ್ನ ಬಾಲ ಹುಡುಕುವ ನಾಯಿಯ ಹಾಗೆ ಸುತ್ತಿದ, ಕತ್ತು ಪೂರ್ತಿ ಎಡಕ್ಕೆ ಹೊರಳಿದಾಗ ಕಂಡಿತು, ಹಸಿರಿನಲ್ಲಿ ಬಿಳಿ, ಅಲುಗಾಡದೆ ಕುಳಿತಿತ್ತು, ಎರಡನೆಯವನೂ ಮುಟ್ಟಿಯಾಗಿತ್ತು.

ಮಲ್ವೇನಿ ನಡೆದು ಬಂದ, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಸುತ್ತು ಹಾಕಿ ಎಡಕ್ಕೆ ನಿಂತ. ಡಚ್ಚ, ಮುಂದೆ ನೋಡ್ತಾನೇ ಹೇಳು, ಎಷ್ಟು ಬೆರಳು? ಮೂರು, ಎಂದ ಒಟ್ಟೊ, ಸಾಮಾನ್ಯವಾಗಿ ಮೂರೇ ತೋರಿಸುತ್ತಾರೆ. ಮಲ್ವೇನಿ ಸುತ್ತಿ ಎದುರಿಗೆ ಬಂದ. ನಾನು ಕೈಯೇ ಎತ್ತಿಲ್ವಲ್ಲಪ್ಪ. ಹುಲ್ಲಿನಲ್ಲಿ ಬಿಳಿ. ಬೆರ್ತಾಳಿಗೆ ಏನೆಂದು, ಹುಲ್ಲಿನಲ್ಲಿ ಬಿಳಿ, ಯಾರಾದರೂ ಅದನ್ನು ಎತ್ತಬಾರದೇ, ಹುಲ್ಲಿನಲ್ಲಿ ಬಿಳಿ. ಆರು ಹೆಜ್ಜೆ, ಎರಡು ಓಟ, ಒಂದು ಪಂದ್ಯ, ಒಂಬತ್ತು ವರ್ಷ.